ಜಿಓಟಿ 4 ಎಂಬ ಪ್ಲೇಟಿನ ಜಾಡು ಹಿಡಿದು

ಹಳೆಯ ರೇಡಿಯೊ ಪತ್ರಿಕೆಗಳನ್ನು ತಿರುವಿಹಾಕುವ ಚಟ ಇರುವವರಿಗೆ ‘ದಿ ಇಂಡಿಯನ್ ಲಿಸನರ್’ ಗೊತ್ತಿರುತ್ತದೆ. 1935ರ ಕೊನೆಗೆ ಶುರುವಾಗಿ, 1958ರಲ್ಲಿ ‘ಆಕಾಶವಾಣಿ’ ಎಂದು ಹೆಸರು ಬದಲಿಸಿಕೊಂಡ ಪತ್ರಿಕೆ. ಯಾವ ನಿಲಯದಲ್ಲಿ ಯಾವ ದಿನ ಎಷ್ಟು ಗಂಟೆಗೆ ಏನು ಪ್ರಸಾರ ಎಂಬ ಪಟ್ಟಿಯೇ ಅದರ ಜೀವಾಳ. ಹಾಡುವವರ ಹೆಸರು, ರಾಗ, ಪಕ್ಕವಾದ್ಯದವರು, ಭಾಷಣಕಾರರು, ನಾಟಕ ಬರೆದವರು, ಎಲ್ಲ ಅಲ್ಲಿ ಸಿಗುತ್ತಾರೆ. ಆ ಹಾಡನ್ನು ‘ಈಗ ಕೇಳಿ’ ಎಂದು ನಮಗೆ ದಾಟಿಸಿದ ಉದ್ಘೋಷಕರ ಹೆಸರು ಕಾಣುವುದು ಮಾತ್ರ ಅಪರೂಪ.

ನಾನು ಆ ಪಟ್ಟಿಗಳಿಗೆ ಕೈಹಾಕಿದ್ದು ಬೆಂಗಳೂರು ಗ್ರಾಮಾಂತರದ ವಾದ್ಯಗೋಷ್ಠಿಗಳ ಸಲುವಾಗಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ಊರೇ ಆಗಲಿ, ಗಣೇಶನ ಪೆಂಡಾಲು ಎದ್ದರೆ, ರಾಜ್ಯೋತ್ಸವದ ವೇದಿಕೆ ಕಟ್ಟಿದರೆ, ರಾತ್ರಿಗೆ ವಾದ್ಯಗೋಷ್ಠಿ ಇರಲೇಬೇಕು ಎಂಬ ಕಾಲವೊಂದಿತ್ತು. ಹಗಲು ಮಗ್ಗದ ಮುಂದೆಯೋ ಕಾರ್ಖಾನೆಯಲ್ಲೋ ದುಡಿದ ಹುಡುಗರು ಸಂಜೆಗೆ ಮಿಂಚುವ ಅಂಗಿ ತೊಟ್ಟು ಗಿಟಾರು, ಕೀಬೋರ್ಡು, ಕಾಂಗೊ ಹಿಡಿಯುತ್ತಿದ್ದರು. ಹಾಡುತ್ತಿದ್ದದ್ದು ರಾಜ್‌ಕುಮಾರ್, ಪಿ.ಬಿ. ಶ್ರೀನಿವಾಸ್, ಎಸ್ಪಿಬಿ ಹಾಡಿದ ಚಿತ್ರಗೀತೆಗಳನ್ನು. ಸ್ವಂತ ಹಾಡು ಕಟ್ಟಿದವರು ಇದ್ದಿರಬಹುದು. ಕಟ್ಟಿದ್ದರೆ ಅದನ್ನು ಊರಾಚೆಗೆ ಒಯ್ಯಲು ಯಾರಿದ್ದರು? ಕ್ಯಾಸೆಟ್ ಕಂಪನಿಗೆ ದೇವರ ಹಾಡು, ಜನಪದ ಗೀತೆ, ಸಿನಿಮಾ ಹಾಡು ಬೇಕಿತ್ತು. ರೇಡಿಯೊಗೆ ಗ್ರೇಡು ಬೇಕಿತ್ತು. ಇಷ್ಟರ ಆಚೆಗೆ ನಮ್ಮ ಪಟ್ಟಿಗಳು ಬಾಯಿ ಬಿಡಲಿಲ್ಲ.

ಹಾಗಾದರೆ ಎರಡೂ ಕಡೆಯ ಲೆಕ್ಕ ಸಿಗುವ ಒಂದು ಪ್ರಕರಣ ಬೇಕು ಅನ್ನಿಸಿತು. ಹಾಡು ಕಟ್ಟಿದ ಹುಡುಗರದ್ದೂ ದಾಖಲೆ ಇರಬೇಕು, ಅದನ್ನು ಗಾಳಿಗೆ ಬಿಟ್ಟವನದ್ದೂ ಇರಬೇಕು. ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಉತ್ತರ ಐರ್ಲೆಂಡಿನ ಡೆರಿ. ದಾಖಲೆಯ ಹೆಸರು ಜಿಓಟಿ 4.

ಜಿಓಟಿ 4 ಎಂದರೆ ಏಳು ಇಂಚಿನ ಒಂದು ಪ್ಲೇಟು. ಬೆಲ್‌ಫಾಸ್ಟಿನ ಗ್ರೇಟ್ ವಿಕ್ಟೋರಿಯಾ ಬೀದಿಯಲ್ಲಿ ಟೆರಿ ಹೂಲಿ ಎಂಬಾತ ‘ಗುಡ್ ವೈಬ್ರೇಷನ್ಸ್’ ಎಂಬ ರೆಕಾರ್ಡಿನ ಅಂಗಡಿ ಇಟ್ಟಿದ್ದ. 1978ರಲ್ಲಿ ಅದೇ ಹೆಸರಿನಲ್ಲಿ ತಾನೇ ಪ್ಲೇಟು ಹೊರತರಲು ಶುರುಮಾಡಿದ. ಮೊದಲನೆಯದು ರೂಡಿ ಎಂಬ ತಂಡದ್ದು, ಜಿಓಟಿ 1. ನಾಲ್ಕನೆಯದು ಡೆರಿಯ ‘ದಿ ಅಂಡರ್‌ಟೋನ್ಸ್’ ತಂಡದ್ದು. ನಾಲ್ಕು ಹಾಡು, ಮೊದಲನೆಯದು ‘ಟೀನೇಜ್ ಕಿಕ್ಸ್’. 1978ರ ಜೂನ್ 15ರಂದು ಬೆಲ್‌ಫಾಸ್ಟಿನ ವಿಜಾರ್ಡ್ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಆಯಿತು. ಖರ್ಚು 200 ಪೌಂಡು. ಅಂಗಡಿಯ ಪ್ಲೇಟುಗಳಿಗೆ ರಟ್ಟಿನ ಹೊದಿಕೆ ಇರುತ್ತಿರಲಿಲ್ಲ. ದೊಡ್ಡ ಹಾಳೆಯೊಂದನ್ನು ಮಡಚಿ, ಒಳಗೆ ಪ್ಲೇಟು ಸೇರಿಸಿದರೆ ಮುಗಿಯಿತು. ಬಿಚ್ಚಿದರೆ ಗೋಡೆಗೆ ಅಂಟಿಸುವ ಪೋಸ್ಟರು, ಮಡಚಿದರೆ ಹೊದಿಕೆ. ಕಾಸಿಲ್ಲದವನ ಜಾಣತನ ಅದು. ಇಂದು ಸಂಗ್ರಹಕಾರರು ಅದಕ್ಕೇ ಮುಗಿಬೀಳುತ್ತಾರೆ.

ಡೆರಿಯ ಬಗ್ಗೆ ಓದುತ್ತಾ ಹೋದಂತೆ ನೇಕಾರರ ಊರಿನವನಾದ ನನಗೆ ಅದು ಅಪರಿಚಿತ ಅನ್ನಿಸಲಿಲ್ಲ. ದೊಡ್ಡಬಳ್ಳಾಪುರಕ್ಕೆ ಮಗ್ಗ ಹೇಗೋ ಡೆರಿಗೆ ಅಂಗಿ ಹೊಲಿಗೆ ಹಾಗೆ. ಅಲ್ಲಿನ ಟಿಲ್ಲಿ ಕಂಪನಿಯ ಅಂಗಿ ಕಾರ್ಖಾನೆಯ ಲೆಕ್ಕವನ್ನು ಕಾರ್ಲ್ ಮಾರ್ಕ್ಸ್ ‘ಬಂಡವಾಳ’ ಗ್ರಂಥದಲ್ಲೇ ಕೊಟ್ಟಿದ್ದಾನೆ: ಕಾರ್ಖಾನೆಯೊಳಗೆ 1,000 ಜನ, ಸುತ್ತಲ ಹಳ್ಳಿಗಳಲ್ಲಿ ಮನೆಯಲ್ಲೇ ಕೂತು ಹೊಲಿಯುವವರು 9,000. ಕೂಲಿಗೆ ಮನೆಮನೆಯಲ್ಲಿ ದುಡಿಯುವ ಆ ಏರ್ಪಾಡನ್ನು ನಮ್ಮ ಊರಿನವರಿಗೆ ವಿವರಿಸಿ ಹೇಳಬೇಕಿಲ್ಲ. ಡೆರಿಯಲ್ಲಿ ಹೊಲಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಗಂಡಸರಿಗೆ ಕೆಲಸವೇ ಕಡಿಮೆ. ಅದರ ಮೇಲೆ ಮತದ ಜಗಳ. 1972ರ ಜನವರಿ 30ರಂದು ಆ ಊರಿನ ಬಾಗ್‌ಸೈಡ್ ಬೀದಿಗಳಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯವರ ಮೇಲೆ ಗುಂಡು ಹಾರಿಸಿದಾಗ ಅದೇ ದಿನ ಸತ್ತವರು 13 ಜನ. ಅಂಡರ್‌ಟೋನ್ಸ್ ಹುಡುಗರು ಆಗ ಸ್ಕೂಲಿಗೆ ಹೋಗುವ ವಯಸ್ಸಿನವರು, ಅದೇ ಊರಿನವರು.

ಐವರ ಹೆಸರು ಹೇಳಿಬಿಡುತ್ತೇನೆ. ಹಾಡುವವನು ಫಿಯರ್ಗಲ್ ಶಾರ್ಕಿ. ಗಿಟಾರು ಹಿಡಿದವರು ಅಣ್ಣತಮ್ಮಂದಿರಾದ ಜಾನ್ ಓನೀಲ್, ಡೇಮಿಯನ್ ಓನೀಲ್. ಬೇಸ್ ಗಿಟಾರು ಮೈಕೆಲ್ ಬ್ರಾಡ್ಲಿ, ಡ್ರಮ್ಮು ಬಿಲ್ಲಿ ಡೊಹರ್ಟಿ. ಊರಿನ ಕಸ್ಬಾ ಎಂಬ ಹೆಂಡದಂಗಡಿಯಲ್ಲಿ ಬಾರಿಸುತ್ತಿದ್ದರು. ನ್ಯೂಯಾರ್ಕಿನ ರಮೋನ್ಸ್ ತಂಡದ ಪ್ಲೇಟು ಕೇಳಿದ ಮೇಲೆ ಅವರ ದಾರಿ ಗೊತ್ತಾಗಿತ್ತು. ಪಂಕ್ ಎಂದು ಜಗತ್ತು ಕರೆಯತೊಡಗಿದ್ದ ಆ ಸಂಗೀತಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕಿರಲಿಲ್ಲ. ಗಿಟಾರಿನಲ್ಲಿ ಮೂರು ಕಾರ್ಡು, ಜೋರು ಗತಿ, ಎರಡೂವರೆ ನಿಮಿಷ, ಹೇಳುವುದನ್ನು ಹೇಳಿ ಇಳಿದುಬಿಡುವುದು. ಇವರು ಹೇಳಿದ್ದಾದರೂ ಏನು? ಬಂದೂಕಿನ ಬಗ್ಗೆ ಅಲ್ಲ. ಹುಡುಗಿಯರು, ಬೇಸಿಗೆ ರಜೆ, ಚಾಕೊಲೇಟು, ಎಲ್ಲದರಲ್ಲೂ ಫಸ್ಟು ಬರುವ ಚಿಕ್ಕಪ್ಪನ ಮಗ. ಬೆಲ್‌ಫಾಸ್ಟಿನ ಸ್ಟಿಫ್ ಲಿಟಲ್ ಫಿಂಗರ್ಸ್ ತಂಡ ಗಲಭೆಯನ್ನೇ ಹಾಡಾಗಿಸುತ್ತಿದ್ದಾಗ ಡೆರಿಯವರು ಹೀಗೆ ಹಾಡಿದರೆಂದು ಆಕ್ಷೇಪಿಸಿದವರು ಉಂಟು. ಮನೆಬಾಗಿಲಲ್ಲಿ ಸೈನಿಕರು ನಿಂತಿರುವ ಊರಿನಲ್ಲಿ ಹದಿನೆಂಟರ ಹುಡುಗ ಹುಡುಗಿಯ ಬಗ್ಗೆ ಹಾಡುವುದೂ ಒಂದು ನಿಲುವೇ ಎಂದು ನನಗನ್ನಿಸುತ್ತದೆ.

ಪ್ಲೇಟು ಬರುವ ಹೊತ್ತಿಗೆ ತಂಡ ಒಡೆಯುವ ಹಂತದಲ್ಲಿತ್ತು. ನೆನಪಿಗಿರಲಿ ಎಂದು ಒಂದು ಪ್ಲೇಟು ಮಾಡಿ ಮುಗಿಸೋಣ ಎಂಬಂಥ ಮನಸ್ಥಿತಿ. ಹೂಲಿ ಅದನ್ನು ಹಿಡಿದು ಲಂಡನ್ನಿನ ಕಂಪನಿಗಳ ಬಾಗಿಲು ಬಡಿದ. ಯಾರಿಗೂ ಬೇಡವಾಯಿತು.

ಇಲ್ಲಿ ದಾಖಲೆಗಳು ಎರಡು ದಾರಿ ಹಿಡಿಯುತ್ತವೆ. ಬರಿಗೈಲಿ ಮರಳುವ ಮುಂಚೆ ಹೂಲಿ ಒಂದು ಪ್ರತಿಯನ್ನು ಬಿಬಿಸಿ ಕಚೇರಿಯಲ್ಲಿ ಜಾನ್ ಪೀಲ್ ಎಂಬ ನಿರೂಪಕನ ಹೆಸರಿಗೆ ಬಿಟ್ಟುಬಂದ ಎನ್ನುವುದು ಬೆಲ್‌ಫಾಸ್ಟಿನವರ ಕಥೆ. ತಂಡದವರೇ ಪೀಲ್‌ಗೆ ಕಳಿಸಿದರು ಎನ್ನುವುದು ಡೆರಿಯವರ ಕಥೆ. ಎರಡೂ ನಿಜವಿರಬಹುದು; ರೇಡಿಯೊದವನಿಗೆ ಒಂದೇ ಪ್ಲೇಟು ಎರಡು ಕಡೆಯಿಂದ ಬರುವುದು ಹೊಸದೇನಲ್ಲ. ಗೆದ್ದ ಪ್ಲೇಟಿಗೆ ವಾರಸುದಾರರು ಜಾಸ್ತಿ. ಪ್ಲೇಟು ಯಾರಿಂದಲೇ ಬಂದಿರಲಿ, ಹುಡುಗರಿಗೆ ಪೀಲ್ ಯಾರೆಂದು ಮೊದಲೇ ಗೊತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಬರುತ್ತಿದ್ದ ಅವನ ಕಾರ್ಯಕ್ರಮ ಕೇಳಿಯೇ ಅವರು ಪಂಕ್ ಕಲಿತದ್ದು. ತಮ್ಮ ಗುರುವಿನ ಮನೆಗೇ ಕಾಗದ ಹಾಕಿದಂತಾಯಿತು.

1978ರ ಸೆಪ್ಟೆಂಬರಿನಲ್ಲಿ ಪೀಲ್ ‘ಟೀನೇಜ್ ಕಿಕ್ಸ್’ ಹಾಕಿದ. ಹಾಡು ಮುಗಿಯಿತು. ಅದನ್ನೇ ಇನ್ನೊಮ್ಮೆ ಹಾಕಿದ. ರಾಷ್ಟ್ರವ್ಯಾಪಿ ರೇಡಿಯೊದಲ್ಲಿ ಒಂದೇ ಹಾಡನ್ನು ಬೆನ್ನುಬೆನ್ನಿಗೆ ಎರಡು ಸಲ ಹಾಕುವುದು ಆ ಕಾಲಕ್ಕೆ ಕೇಳರಿಯದ ಮಾತು. ನಮ್ಮ ಯಾವುದೇ ನಿಲಯದಲ್ಲಿ ಉದ್ಘೋಷಕರೊಬ್ಬರು ಹೀಗೆ ಮಾಡಿದ್ದರೆ ಮರುದಿನ ಬೆಳಿಗ್ಗೆ ವಿವರಣೆ ಬರೆದುಕೊಡಬೇಕಾಗುತ್ತಿತ್ತೇನೋ. ಲಂಡನ್ನಿನಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಸೀಮೋರ್ ಸ್ಟೀನ್ ಎಂಬ ಅಮೆರಿಕದವನ ಕಿವಿಗೂ ಆ ಹಾಡು ಬಿತ್ತು. ರಮೋನ್ಸ್ ತಂಡವನ್ನು ಹೊರತಂದ ಸೈರ್ ಕಂಪನಿಯ ಯಜಮಾನ ಆತ, ಮುಂದೆ ಮಡೋನ್ನಾಳನ್ನು ಗುರುತಿಸಿದವನೂ ಅವನೇ. ಕೂಡಲೇ ಡೆರಿಗೆ ಮನುಷ್ಯನನ್ನು ಅಟ್ಟಿದ. ಅಕ್ಟೋಬರಿನಲ್ಲಿ ಸೈರ್ ಮುದ್ರೆಯಲ್ಲಿ ಪ್ಲೇಟು ಮತ್ತೆ ಹೊರಬಂತು. ಅದೇ 26ರಂದು ಹುಡುಗರು ಬಿಬಿಸಿ ಟೀವಿಯ ‘ಟಾಪ್ ಆಫ್ ದಿ ಪಾಪ್ಸ್’ ವೇದಿಕೆಯಲ್ಲಿದ್ದರು. ಜೂನ್ ತಿಂಗಳಿನಲ್ಲಿ ಒಡೆಯಲು ಹೊರಟ ತಂಡ ಅದು.

ಹಾಡು ಎಷ್ಟನೇ ಸ್ಥಾನಕ್ಕೆ ಏರಿತು ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ: 31. ಪಂಕ್ ಅಂದರೆ ಇಂದು ಮೊದಲು ನೆನಪಾಗುವ ಹಾಡುಗಳಲ್ಲೊಂದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಮೂವತ್ತರೊಳಗೂ ಬರಲಿಲ್ಲ. ಅವರ ಅತಿ ಎತ್ತರದ ಏರಿಕೆ 1980ರ ‘ಮೈ ಪರ್ಫೆಕ್ಟ್ ಕಸಿನ್’, ಒಂಬತ್ತನೇ ಸ್ಥಾನ. ಫಸ್ಟು ಬರುವ ಚಿಕ್ಕಪ್ಪನ ಮಗನ ಹಾಡು ಅದೇ. ‘ಅವನ ನೋಡಿ ಕಲಿ’ ಎಂಬ ಮಾತು ಡೆರಿಯಲ್ಲೂ ನಡೆಯುತ್ತದೆ ಎಂದಾಯಿತು. 1979ರಿಂದ 1983ರವರೆಗೆ ನಾಲ್ಕು ಆಲ್ಬಂ ಬಂದವು. 1979ರಲ್ಲೇ ದಿ ಕ್ಲ್ಯಾಶ್ ತಂಡದ ಜೊತೆ ಅಮೆರಿಕ ಸುತ್ತಿದರು. 1981ರಲ್ಲಿ ಸೈರ್ ಬಿಟ್ಟು ಆರ್ಡೆಕ್ ಎಂಬ ಸ್ವಂತ ಮುದ್ರೆ ಮಾಡಿಕೊಂಡರು. ಕೊನೆಯ ಆಲ್ಬಮ್ಮಿಗೆ ಕೊಳ್ಳುವವರು ಸಿಗಲಿಲ್ಲ. 1983ರಲ್ಲಿ ತಂಡ ಚದುರಿತು. ಶಾರ್ಕಿ ಒಬ್ಬನೇ ಹಾಡಿದ ಹಾಡು 1985ರಲ್ಲಿ ಮೊದಲ ಸ್ಥಾನಕ್ಕೇರಿತು. ಓನೀಲ್ ಸೋದರರು ಬೇರೆ ತಂಡ ಕಟ್ಟಿದರು. ಒಟ್ಟಾರೆ, ಭಾರಿ ದುಡ್ಡಿನ ಕಥೆ ಅಲ್ಲ ಇದು.

ಈ ಪೀಲ್‌ಗೆ ಇಷ್ಟು ಸ್ವಾತಂತ್ರ್ಯ ಎಲ್ಲಿಂದ ಬಂತು ಎಂಬುದು ನನ್ನ ಮುಖ್ಯ ಪ್ರಶ್ನೆ. ಅವನ ಜಾತಕ ಸರಳ. 1939ರಲ್ಲಿ ಹುಟ್ಟಿದ ಜಾನ್ ರಾಬರ್ಟ್ ಪಾರ್ಕರ್ ರೇವನ್ಸ್‌ಕ್ರಾಫ್ಟ್. ಅಮೆರಿಕದಲ್ಲಿ ರೇಡಿಯೊ ಕೆಲಸ ಕಲಿತು, ಸಮುದ್ರದಲ್ಲಿ ಹಡಗು ನಿಲ್ಲಿಸಿಕೊಂಡು ಲೈಸೆನ್ಸಿಲ್ಲದೆ ಪ್ರಸಾರ ಮಾಡುತ್ತಿದ್ದ ರೇಡಿಯೊ ಲಂಡನ್ನಿನಲ್ಲಿ ಹೆಸರು ಮಾಡಿ, 1967ರ ಸೆಪ್ಟೆಂಬರ್ 30ರಂದು ಬಿಬಿಸಿ ರೇಡಿಯೊ 1 ಶುರುವಾದಾಗ ಸೇರಿದವನು. 2004ರ ಅಕ್ಟೋಬರ್ 25ರಂದು ಪೆರು ದೇಶದ ಕುಸ್ಕೊದಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಜಾನ್ ವಾಲ್ಟರ್ಸ್ ಎಂಬ ನಿರ್ಮಾಪಕ ಬಹುಕಾಲ ಅವನ ಬೆನ್ನಿಗಿದ್ದ. ಮೇಲಿನವರ ಕಾಟ ಪೀಲ್‌ನ ಮೈಕಿನವರೆಗೆ ಬಾರದಂತೆ ನೋಡಿಕೊಂಡವನು ಅವನೇ. ಇಂಥ ಮಧ್ಯವರ್ತಿಗಳನ್ನು ಇತಿಹಾಸ ಬೇಗ ಮರೆಯುತ್ತದೆ.

ಆದರೆ ವ್ಯಕ್ತಿ ಎಷ್ಟೇ ದೊಡ್ಡವನಾಗಲಿ, ನಿಯಮ ಬಿಗಿ ಇದ್ದರೆ ಏನು ಮಾಡಿಯಾನು? ಉತ್ತರ ಸಿಕ್ಕಿದ್ದು ನಿಯಮದ ಬಿಗಿಯಲ್ಲೇ. ಬ್ರಿಟನ್ನಿನಲ್ಲಿ ‘ನೀಡಲ್ ಟೈಮ್’ ಎಂಬ ಒಪ್ಪಂದ ಇತ್ತು. ಪ್ಲೇಟಿನ ಮೇಲೆ ಸೂಜಿ ಇಡುವ ಹೊತ್ತಿಗೆ ಮಿತಿ. ರೇಡಿಯೊ ಇಡೀ ದಿನ ಪ್ಲೇಟನ್ನೇ ತಿರುಗಿಸಿದರೆ ಬಾರಿಸುವವರ ಹೊಟ್ಟೆಪಾಡೇನು ಎಂಬುದು ಸಂಗೀತಗಾರರ ಸಂಘದ ವಾದ. ಅಂಗಡಿಯಲ್ಲಿ ಪ್ಲೇಟು ಯಾರು ಕೊಳ್ಳುತ್ತಾರೆ ಎಂಬುದು ಕಂಪನಿಗಳ ಚಿಂತೆ. ಹಾಗಾಗಿ ಉಳಿದ ಹೊತ್ತನ್ನು ಬಿಬಿಸಿ ತಾನೇ ರೆಕಾರ್ಡ್ ಮಾಡಿದ ಸಂಗೀತದಿಂದ ತುಂಬಬೇಕಿತ್ತು. ಪೀಲ್ ಆ ಖಾಲಿ ಜಾಗಕ್ಕೆ ಯಾರೂ ಹೆಸರು ಕೇಳದ ತಂಡಗಳನ್ನು ಕರೆಸಿದ. ಸ್ಟುಡಿಯೊಗೆ ಬಾ, ಒಂದು ದಿನದಲ್ಲಿ ನಾಲ್ಕು ಹಾಡು ಬಾರಿಸು, ಸಂಭಾವನೆ ತಗೊ, ಹೋಗು. ಇವೇ ‘ಪೀಲ್ ಸೆಷನ್ಸ್’. ಅವನ ಕಾಲಕ್ಕೆ 4,000ಕ್ಕೂ ಮೀರಿ ಆದವು, ಬಂದುಹೋದ ತಂಡಗಳೂ ಕಲಾವಿದರೂ 2,000ಕ್ಕೂ ಹೆಚ್ಚು. ಅಂಡರ್‌ಟೋನ್ಸ್ ಅದರಲ್ಲೊಂದು. ಮ್ಯಾಂಚೆಸ್ಟರಿನ ದಿ ಫಾಲ್ ತಂಡವೊಂದೇ 24 ಸಲ ಬಂದಿದೆ. ನೀಡಲ್ ಟೈಮ್ ರದ್ದಾದದ್ದು 1988ರಲ್ಲಿ.

ಈ ಒಪ್ಪಂದದ ಬಗ್ಗೆ ಓದುವಾಗ ನಮ್ಮ ಆಕಾಶವಾಣಿಯ ಹಳೆಯ ಜಗಳವೊಂದು ತಟ್ಟನೆ ಹೊಂದಿಕೊಂಡಿತು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಸಿನಿಮಾ ಹಾಡು ಅವರಿಗೆ ಆಗಿಬರುತ್ತಿರಲಿಲ್ಲ. ಮೊದಲು ಹೊತ್ತು ಕಡಿತ, ಆಮೇಲೆ ನಿರ್ಮಾಪಕರೊಂದಿಗೆ ಜಟಾಪಟಿ, ಕೊನೆಗೆ ಆಕಾಶವಾಣಿಯಿಂದ ಚಿತ್ರಗೀತೆಯೇ ಮಾಯ. ಕೇಳುವವರು ಸುಮ್ಮನಿರಲಿಲ್ಲ, ಗುಂಡಿ ತಿರುಗಿಸಿ ರೇಡಿಯೊ ಸಿಲೋನಿಗೆ ಹೋದರು, ಅಮೀನ್ ಸಯಾನಿಯ ಬಿನಾಕಾ ಗೀತಮಾಲಾಕ್ಕೆ ಕಿವಿ ಕೊಟ್ಟರು. ಸರ್ಕಾರಕ್ಕೆ ಬುದ್ಧಿ ಬಂದು ವಿವಿಧ ಭಾರತಿ ಶುರುವಾಗಲು 1957ರ ಅಕ್ಟೋಬರ್ 3ರವರೆಗೆ ಕಾಯಬೇಕಾಯಿತು. ಈ ನಡುವಿನ ಖಾಲಿ ಹೊತ್ತು ತುಂಬಿಸಲು ಆಕಾಶವಾಣಿ ಏನು ಮಾಡಿತು? ಬಿಬಿಸಿ ಮಾಡಿದ್ದನ್ನೇ. ನಿಲಯಗಳಲ್ಲಿ ಲಘು ಸಂಗೀತ ವಿಭಾಗ ತೆರೆದು ತನ್ನ ಹಾಡನ್ನು ತಾನೇ ಕಟ್ಟಿಸಿತು. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳು ರಾಗಕ್ಕೆ ಕೂತು ಮನೆಮನೆಗೆ ಬರಲು, ನಾವು ಸುಗಮ ಸಂಗೀತ ಎಂದು ಕರೆಯುವ ಪರಂಪರೆ ಬೆಳೆಯಲು ರೇಡಿಯೊ ಸ್ಟುಡಿಯೊ ದೊಡ್ಡ ಆಸರೆ. ಪಿ. ಕಾಳಿಂಗರಾಯರಂಥವರು ಆ ದಾರಿಯನ್ನು ಮೊದಲೇ ತುಳಿದಿದ್ದರು. ರೇಡಿಯೊ ಅದನ್ನು ಹೆದ್ದಾರಿ ಮಾಡಿತು. ಲಂಡನ್ನಿನಲ್ಲಿ ಪ್ಲೇಟಿಗೆ ಕಡಿವಾಣ, ದೆಹಲಿಯಲ್ಲಿ ಸಿನಿಮಾಗೆ ಕಡಿವಾಣ. ಒಂದು ಕಡೆ ಪಂಕ್‌ಗೆ ಜಾಗ ಆಯಿತು, ಇನ್ನೊಂದು ಕಡೆ ಭಾವಗೀತೆಗೆ. ಈ ಹುಡುಕಾಟದಲ್ಲಿ ನನಗೆ ದಕ್ಕಿದ ದೊಡ್ಡ ಸಂಗತಿ ಇದು.

ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಆಕಾಶವಾಣಿಯಲ್ಲಿ ಹಾಡಬೇಕಾದರೆ ಆಡಿಷನ್ ಕೊಡಬೇಕು, ಸಮಿತಿ ಗ್ರೇಡು ಕೊಡಬೇಕು: ಬಿ, ಬಿ-ಹೈ, ಎ, ಟಾಪ್. ಆಮೇಲೆ ಕರಾರು ಪತ್ರ, ದಿನಾಂಕ, ಸಂಭಾವನೆ. ರೇಡಿಯೊದಲ್ಲಿ ಹಾರ್ಮೋನಿಯಂಗೆ 1940ರಿಂದ 1971ರವರೆಗೆ ನಿಷೇಧವೇ ಇತ್ತು. ಹಾರ್ಮೋನಿಯಂ ಗತಿಯೇ ಹೀಗಾದರೆ ಎಲೆಕ್ಟ್ರಿಕ್ ಗಿಟಾರು ಹಿಡಿದ ವಾದ್ಯಗೋಷ್ಠಿ ಹುಡುಗರನ್ನು ಯಾವ ಗ್ರೇಡಿಗೆ ಹಾಕುವುದು? ಅವರಿಗೊಂದು ಖಾನೆಯೇ ಇರಲಿಲ್ಲ. ಹಾಗೆಂದು ಬಿಬಿಸಿ ಸತ್ಯಹರಿಶ್ಚಂದ್ರ ಎಂದುಕೊಳ್ಳಬೇಕಿಲ್ಲ. ಅಲ್ಲೂ ಅರವತ್ತರ ದಶಕದಲ್ಲಿ ಆಡಿಷನ್ ಸಮಿತಿ ಇತ್ತು. 1965ರಲ್ಲಿ ಡೇವಿಡ್ ಬೋವಿ ಹಾಡುತ್ತಿದ್ದ ತಂಡವನ್ನು ಅದು ಫೇಲು ಮಾಡಿ ಕಳಿಸಿತ್ತು. ಸಮಿತಿಗಳು ಎಲ್ಲೆಡೆಯೂ ಸಮಿತಿಗಳೇ. ಅಲ್ಲಿ ಸಮಿತಿಯ ಪಕ್ಕದಲ್ಲಿ ಒಬ್ಬ ಮನುಷ್ಯನ ಇಷ್ಟಕ್ಕೂ ಜಾಗ ಸಿಕ್ಕಿತು ಎಂಬುದಷ್ಟೇ ವ್ಯತ್ಯಾಸ. ಬಿಬಿಸಿಯ ಕಾರ್ಯಕ್ರಮ ಪಟ್ಟಿಯಲ್ಲಿ ‘ಜಾನ್ ಪೀಲ್’ ಎಂದರೆ ಅದೇ ಕಾರ್ಯಕ್ರಮದ ಹೆಸರು. ನಮ್ಮ ಪಟ್ಟಿಯಲ್ಲಿ ಹಾಡಿದವರಿದ್ದಾರೆ, ಹಾಕಿದವರಿಲ್ಲ.

ಒಬ್ಬನ ಇಷ್ಟದ ಮೇಲೆ ನಡೆದ ರೇಡಿಯೊ ಕನ್ನಡದಲ್ಲಿ ಇರಲೇ ಇಲ್ಲವೇ ಎಂದರೆ, ಇತ್ತು. ಅದೂ ಎಲ್ಲಕ್ಕಿಂತ ಮೊದಲೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ 30 ವ್ಯಾಟ್ ಪ್ರೇಷಕವಿಟ್ಟು ಪ್ರಸಾರ ಆರಂಭಿಸಿದರು. ಮೊದಲ ದಿನ ಕುವೆಂಪು ಕವಿತೆ ಓದಿದರು, ಚೌಡಯ್ಯನವರು ಪಿಟೀಲು ನುಡಿಸಿದರು ಎಂಬುದು ಮೈಸೂರಿನವರು ಇಂದಿಗೂ ಹೇಳುವ ಮಾತು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಆ ಮನೆಯಲ್ಲಿ. ದೇಶ ಅದನ್ನು ಆಮೇಲೆ ಎತ್ತಿಕೊಂಡಿತು. ನಿಲಯವನ್ನು ಮುಂದೆ ಸಂಸ್ಥಾನ ವಹಿಸಿಕೊಂಡಿತು, 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು, 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಶುರುವಾಯಿತು. ಮೇಷ್ಟರ ಮನೆಯ ಮೈಕು ಕಚೇರಿಯ ಮೈಕಾಯಿತು. ದೊಡ್ಡದಾಯಿತು, ದೂರ ಕೇಳಿಸಿತು, ನಿಜ. ದೊಡ್ಡಬಳ್ಳಾಪುರದ ದಾರಿಯಲ್ಲಿ ಯಲಹಂಕ ದಾಟುವವರಿಗೆ ಆಕಾಶವಾಣಿಯ ಎತ್ತರದ ಕಂಬಗಳು ಗೊತ್ತು. 500 ಕಿಲೋವ್ಯಾಟಿನ ಕಿರುತರಂಗ ಪ್ರೇಷಕಗಳ ಜಾಗ ಅದು, ಪರದೇಶಗಳಿಗೆ ದನಿ ಮುಟ್ಟಿಸಲು ಕಟ್ಟಿದ್ದು. ಅದರ ಬುಡದಲ್ಲೇ ಇರುವ ಊರುಗಳ ಹುಡುಗರು ಕಟ್ಟಿದ ಹಾಡು ಆ ಕಂಬ ಹತ್ತಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ ಬಾಗಿಲು ತುಸು ತೆರೆಯಿತು. ಹೊಸಕೋಟೆ ದಾಟಿ ಕೋಲಾರದ ಕಡೆ ಹೋದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಅದು, ಮಗ ಟಿಪ್ಪು ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ಆ ಬೂದಿಕೋಟೆಯಲ್ಲಿ 2001ರಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳೂ ಯುನೆಸ್ಕೊ ಕೂಡ ಕೈಜೋಡಿಸಿ ‘ನಮ್ಮ ಧ್ವನಿ’ ಎಂಬ ಹಳ್ಳಿಯವರ ರೇಡಿಯೊ ಆರಂಭಿಸಿದರು. ಪ್ರಸಾರಕ್ಕೆ ಲೈಸೆನ್ಸು ಸಿಗದ ಕಾಲ. ಏನು ಮಾಡಿದರು? ಕ್ಯಾಸೆಟ್ಟಿಗೆ ತುಂಬಿ ಊರವರನ್ನು ಸೇರಿಸಿ ಕೇಳಿಸಿದರು; ಆಮೇಲೆ ಟೀವಿ ಕೇಬಲ್ ತಂತಿಯಲ್ಲೇ ರೇಡಿಯೊ ಹರಿಸಿದರು. ಗಾಳಿ ಕೊಡದಿದ್ದರೆ ತಂತಿಯಾದರೂ ಸರಿ ಎಂಬ ಆ ಛಲ ಟೆರಿ ಹೂಲಿಯ ಮಡಚಿದ ಹಾಳೆಯ ಹೊದಿಕೆಗೆ ಹತ್ತಿರದ್ದು. ಎನ್‌ಜಿಒಗಳೂ ಸಮುದಾಯ ರೇಡಿಯೊ ನಡೆಸಬಹುದು ಎಂಬ ನೀತಿ ಬಂದದ್ದು 2006ರಲ್ಲಿ.

ಅದೇ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೊ ಸಿಟಿ ಶುರುವಾಯಿತು. ನಿರೂಪಕರಿಗೆ ಕೊನೆಗೂ ಹೆಸರು ಬಂತು, ಆರ್‌ಜೆ ಎಂಬ ಪಟ್ಟ ಬಂತು, ಬಸ್ಸಿನ ಹಿಂಬದಿಯಲ್ಲಿ ಅವರ ಫೋಟೊ ಬಂತು. ಇವರಾದರೂ ನಮ್ಮ ಪೀಲ್ ಆಗಬಹುದಿತ್ತು. ಆದರೆ ಲೈಸೆನ್ಸಿಗೆ ಕೋಟಿಗಟ್ಟಲೆ ಸುರಿದ ಕಂಪನಿಗಳು ಹಾಡಿನ ಆಯ್ಕೆಯನ್ನು ನಿರೂಪಕರ ಕೈಗೆ ಬಿಡಲಿಲ್ಲ. ಹೆಚ್ಚಿನ ಕಡೆ ಪ್ಲೇಲಿಸ್ಟ್ ಮೊದಲೇ ಕಂಪ್ಯೂಟರಿನಲ್ಲಿ ಸಿದ್ಧ, ಹಾಡು ಸಿನಿಮಾದ್ದೇ. ಆಕಾಶವಾಣಿಯ ಉದ್ಘೋಷಕರಿಗೆ ಹೆಸರಿರಲಿಲ್ಲ, ಆರ್‌ಜೆಗೆ ಹಾಡಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಥರದ ತಂಡಗಳು ತಾವೇ ಆಲ್ಬಂ ಹೊರತಂದು, ತಾವೇ ಕಾರ್ಯಕ್ರಮ ಕುದುರಿಸಿಕೊಂಡು ಬದುಕಿದವು. ಇಂಥವರ ಹಾಡನ್ನೇ ಹಾಕಲು ರೇಡಿಯೊವರ್ವ್ ಎಂಬ ಇಂಟರ್ನೆಟ್ ರೇಡಿಯೊವನ್ನೇ ಬೆಂಗಳೂರಿನವರು ಹುಟ್ಟುಹಾಕಬೇಕಾಯಿತು.

ಡೆರಿಯ ಕಥೆಗೆ ಒಂದು ಬಾಲವಿದೆ. 1999ರಲ್ಲಿ ತಂಡ ಮತ್ತೆ ಕೂಡಿತು, ಶಾರ್ಕಿ ಬರಲಿಲ್ಲ. ಅವನ ಜಾಗಕ್ಕೆ ಬಂದ ಪಾಲ್ ಮೆಕ್‌ಲೂನ್ ರೇಡಿಯೊ ನಿರೂಪಕ. ಬೇಸ್ ಗಿಟಾರಿನ ಮೈಕೆಲ್ ಬ್ರಾಡ್ಲಿ ಡೆರಿಯಲ್ಲೇ ಬಿಬಿಸಿ ರೇಡಿಯೊ ಫಾಯ್ಲ್ ಸೇರಿ ಕಾರ್ಯಕ್ರಮ ಮಾಡಿದ, ತಂಡದ ದಿನಗಳ ಬಗ್ಗೆ 2016ರಲ್ಲಿ ಪುಸ್ತಕವನ್ನೂ ಬರೆದ. ರೇಡಿಯೊ ಕೇಳಿ ಹಾಡಿದವರು ರೇಡಿಯೊದಲ್ಲೇ ಮಾತಾಡುವವರಾದರು. ಇತ್ತ ಪೀಲ್‌ನ ಸಮಾಧಿ ಸಫೋಕ್ ಸೀಮೆಯ ಗ್ರೇಟ್ ಫಿನ್‌ಬರೊ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿದೆ. ಅವನೇ ಬಯಸಿದ್ದಂತೆ ಕಲ್ಲಿನ ಮೇಲೆ ‘ಟೀನೇಜ್ ಕಿಕ್ಸ್’ ಹಾಡಿನ ಮೊದಲ ಸಾಲು ಕೆತ್ತಿದ್ದಾರೆ. ಮನೆಯಲ್ಲಿ ಬಿಟ್ಟುಹೋದ ಸಂಗ್ರಹದಲ್ಲಿ ಎಲ್‌ಪಿಗಳೇ ಸುಮಾರು 26,000. ಒಂದೊಂದು ಎಲ್‌ಪಿಗೂ ಒಂದೊಂದು ಕಾರ್ಡು, ನಂಬರು ಹಾಕಿ ಟೈಪು ಮಾಡಿದ್ದು. 2012ರಲ್ಲಿ ಆ ಕಾರ್ಡುಗಳಲ್ಲಿ ಒಂದಷ್ಟನ್ನು ಅಕ್ಷರಕ್ಕೆ ನೂರರಂತೆ ಜನರ ಮುಂದಿಟ್ಟರು.

ಕಾರ್ಡಿನ ಮುಂದೆ ಕೂತರೆ ಸಂಶೋಧಕನ ಕೆಲಸ ಸಲೀಸು. ಆದರೂ ಪೀಲ್‌ನ ಎಷ್ಟೋ ರಾತ್ರಿಗಳ ಕಾರ್ಯಕ್ರಮ ಬಿಬಿಸಿಯಲ್ಲೇ ಉಳಿದಿಲ್ಲ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದು ರೇಡಿಯೊದವರ ಹಳೆಯ ವಾಡಿಕೆ, ಇಲ್ಲೂ ಅಷ್ಟೇ ಅಲ್ಲೂ ಅಷ್ಟೇ. ಉಳಿದದ್ದರಲ್ಲಿ ದೊಡ್ಡ ಪಾಲು ಕೇಳುಗರು ಮನೆಯಲ್ಲಿ ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರಿಂದ ಉಳಿಯಿತು. ಮೇಲೆ ತಾರೀಖು ಗೀಚಿಟ್ಟಿದ್ದರಿಂದ ಅದಕ್ಕೆ ದಾಖಲೆಯ ಬೆಲೆ ಬಂತು.

ಆದ್ದರಿಂದ ಈ ಲೇಖನ ಓದುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರಲ್ಲಿ ಒಂದು ಕೋರಿಕೆ. ಮನೆಯ ಅಟ್ಟದಲ್ಲಿ ಹಳೆಯ ವಾದ್ಯಗೋಷ್ಠಿಯ ಕ್ಯಾಸೆಟ್ಟಿದ್ದರೆ, ಗಣೇಶೋತ್ಸವದ ಕರಪತ್ರವಿದ್ದರೆ, ಆಕಾಶವಾಣಿಯ ಕರಾರು ಪತ್ರವಿದ್ದರೆ, ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಸ್ಟ್ಯಾಂಪು ಅಂಟಿಸಿಕೊಂಡು ಬರುತ್ತಿದ್ದ ರೇಡಿಯೊ ಲೈಸೆನ್ಸ್ ಪುಸ್ತಕವಿದ್ದರೆ, ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರು, ಬಾರಿಸಿದವರ ಹೆಸರು, ಊರು, ನೆನಪಿದ್ದಷ್ಟು ತಾರೀಖು ಬರೆದಿಡಿ. ಹಾಡಿದವರು ಇನ್ನೂ ಇದ್ದರೆ ಅವರ ಎದುರು ಕೂತು, ಮೊಬೈಲಿನಲ್ಲಾದರೂ ಅವರ ಮಾತು ತುಂಬಿಸಿಕೊಳ್ಳಿ. ಅದರಲ್ಲಿ ಅವರದೇ ಸ್ವಂತ ಹಾಡೊಂದು ಇದ್ದರೆ ತಾಲ್ಲೂಕಿನ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಒಂದು ಪ್ರತಿ ಮುಟ್ಟಿಸಿ.